ಎಂಟು ಕೂಡಿಸು

ಸುಂಟಿಕೊಪ್ಪ. ಗಡಿಯಾರ ರಿಪೇರಿ ಅಂಗಡಿಯ ಅಟ್ಟ.
ಮೊಯ್ದುವಿನ ಮೇಜಿನ ಮೇಲೆ ಎರಡು ಪವರ್ ಮೀಟರು.

ಹಳೆಯದು, ಮಿಲಿಟರಿ ಸಿಗ್ನಲ್ಸಿನ ಚೀಯಣ್ಣ ಬಿಟ್ಟುಹೋದದ್ದು.
ಕೀಲಿ ಒತ್ತಿದರೆ ನಲವತ್ತೆರಡು.
ಬಿಟ್ಟು ಒತ್ತಿದರೂ ನಲವತ್ತೆರಡು.
ಹತ್ತು ಸಲ ಕೇಳಿದರೂ ಮುಳ್ಳಿನದು ಒಂದೇ ಮಾತು.
ಹೊಸದಕ್ಕೆ ನಿಂತಲ್ಲಿ ನಿಲ್ಲಲು ಬಾರದು:
ನಲವತ್ತೇಳು, ಐವತ್ತಮೂರು,
ಮತ್ತೆ ನಲವತ್ತೊಂಬತ್ತು.

ಯಾರನ್ನ ನಂಬೋದು ಅಂದೆ.
ಎಣ್ಣೆಯನ್ನ, ಅಂದ ಮೊಯ್ದು.
ಪೇಂಟಿನ ಡಬ್ಬಿ, ಲೀಟರ್ ಎಣ್ಣೆ,
ಅದರೊಳಗೆ ಮುಳುಗಿದ ಡಮ್ಮಿ ಲೋಡು,
ಡೈರಿಯಿಂದ ಕಡ ತಂದ ಥರ್ಮಾಮೀಟರು.
ಐದು ನಿಮಿಷ ಕೀಲಿ ಒತ್ತಿ ಹಿಡಿದೆ, ಬೆರಳು ಜೋಮು ಹಿಡಿಯಿತು.
ಒಂಬತ್ತು ಡಿಗ್ರಿ ಏರಿತು.
ಬಿಲ್ಲಿನ ಹಿಂಬದಿಯಲ್ಲಿ ಗುಣಿಸಿ ಭಾಗಿಸಿದರೆ
ಐವತ್ತು, ಹೆಚ್ಚುಕಡಿಮೆ.

ತಡವರಿಸುವುದು ನಿಜದ ಸುತ್ತಲೇ ತಡವರಿಸುತ್ತಿತ್ತು.
ಅಲುಗದ್ದು
ಎಂಟು ವಾಟ್ ನುಂಗಿಕೊಂಡು ಕೂತಿತ್ತು.

ಎಸೆಯಲಿಲ್ಲ ಮೊಯ್ದು.
ಗಾಜಿನ ಮೇಲೆ ಪಟ್ಟಿ ಅಂಟಿಸಿ ಬರೆದ: ಎಂಟು ಕೂಡಿಸು.

ಚೀಯಣ್ಣನೂ ಹೀಗೇ.
ಹಿಮದಲ್ಲಿ ಸಿಕ್ಕಿಬಿದ್ದದ್ದು ಎಷ್ಟು ದಿನ ಅಂದರೆ
ಇಪ್ಪತ್ತು ವರ್ಷ, ಪ್ರತಿ ಸಲವೂ, ಮೂರು ಅನ್ನುತ್ತಿದ್ದ,
ಬಲಗೈ ಎತ್ತಿ ತೋರಿಸಿ.
ಆ ಕೈಯಲ್ಲಿ ಉಳಿದ ಬೆರಳೂ ಮೂರೇ.
ಎಷ್ಟು ಕೂಡಿಸಬೇಕೆಂದು
ನಾವು ಯಾರೂ ಕೇಳಲಿಲ್ಲ.