ಅರವತ್ತೆರಡು

ಕೀ ತಿರುಗಿಸು. ಅಷ್ಟೇ. ಸ್ಟಾರ್ಟ್ ಮಾಡಬೇಡ.
ಎಂಜಿನ್ ಮಲಗಿರಲಿ, ಕಿವಿ ಮಾತ್ರ ತೆರೆದಿರಲಿ.

ಹುಸ್ತಿನಿಯಾನೊ, ಕೆಳಗಿನ ಬಿಸಿನಾಡಿನಿಂದ
ಎರಡು ದಿನ ಹತ್ತಿಸಿಕೊಂಡು ಬಂದಿದ್ದೀಯ ಈ ಮಿನಿಬಸ್ಸನ್ನ,
ಹಿಂದೆ ಕಪ್ಪು ಹೊಗೆ, ಒಳಗೆ ಪೆಟ್ರೋಲಿನ ನಾತ,
ನಮ್ಮ ಎಲ್ ಆಲ್ತೊ ಊರಿಗೆ ಬಾಯ್ತುಂಬ ಬೈಗುಳ:
ಗಾಳಿಯೇ ಇಲ್ಲದ ಊರು,
ಎಂಜಿನ್ನಿಗೂ ಉಬ್ಬಸ, ನನಗೂ ಉಬ್ಬಸ ಅಂತ.

ಉಬ್ಬಸ ನಿನಗಿರಬಹುದು. ಕೋಕಾ ಎಲೆ ಅಗಿ, ಮೆಲ್ಲಗೆ ನಡೆ.
ಎಂಜಿನ್ನಿಗೆ ಆಗಿರೋದು ಅಜೀರ್ಣ.
ಈ ಪ್ಲಗ್ ನೋಡು, ಮಸಿ ಮೆತ್ತಿದ ಹಾಗೆ.
ಗಾಳಿ ಕಡಿಮೆ ಅಂತ ಗೊತ್ತಿದ್ದರೆ
ಯಾರಾದರೂ ಇಷ್ಟು ಉಣಿಸುತ್ತಾರಾ?

ಮೂರು ಸೆನ್ಸರ್ ಬದಲಾಯಿಸಿದೆ ಅಂದೆ.
ಒಂದು ಹೊಸದು, ಒಂದು ಭಾವಮೈದುನ ಕೊಟ್ಟಿದ್ದು,
ಒಂದು ನಿನ್ನೆ ಗುರುವಾರದ ಸಂತೆಯಲ್ಲಿ
ತಲೆಯಿಲ್ಲದ ಗೊಂಬೆ, ಹಳೇ ಹಲ್ಲುಸೆಟ್ಟಿನ ಪಕ್ಕ
ನೆಲಕ್ಕೆ ಹಾಸಿ ಮಾರುತ್ತಿದ್ದದ್ದು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಅದೂ ಮೂರು ಎಮ್ಮೆಗೆ.

ಸರಿ, ಈ ಪರದೆಯಲ್ಲಿರೋದನ್ನ ಓದು. ಜೋರಾಗಿ.
ತೊಂಬತ್ತೇಳು ಕಿಲೋಪಾಸ್ಕಲ್.
ಎಂಜಿನ್ ನಿಂತಿದೆ. ಒಳಗಿನ ಗಾಳಿಗೂ ಹೊರಗಿನ ಗಾಳಿಗೂ
ಈಗ ಒಂದೇ ಒತ್ತಡ ಇರಬೇಕು, ಬಾಗಿಲು ತೆರೆದ ಮನೆಯ ಹಾಗೆ.
ತೊಂಬತ್ತೇಳು ಎಲ್ಲಿಯದು? ನಿನ್ನ ಮೊಂತೇರೊದ್ದು.
ಮಾವಿನ ಮರ, ಸೊಳ್ಳೆ, ಅಂಗಿ ಬಿಚ್ಚಿ ಮಲಗುವ ರಾತ್ರಿಯದ್ದು.
ಇಲ್ಲಿ ಅರವತ್ತೆರಡು. ಒಂದು ಹೆಚ್ಚು, ಒಂದು ಕಮ್ಮಿ.

ನಂಬಲ್ವಾ? ಸ್ಟಿಯರಿಂಗ್ ಪಕ್ಕದ ಆ ಚಿಪ್ಸ್ ಪೊಟ್ಟಣ ಕೊಡು.
ಮನೆಯಿಂದ ತಂದಿದ್ದು ತಾನೆ? ನೋಡು ಹೇಗೆ ಉಬ್ಬಿದೆ,
ಬೆರಳಲ್ಲಿ ತಟ್ಟಿದರೆ ತಮಟೆ.
ಎರಡು ಕಾಸಿನ ಪ್ಲಾಸ್ಟಿಕ್ಕಿಗೆ ಗೊತ್ತು
ತಾನೀಗ ಎಲ್ಲಿದ್ದೇನೆ ಅಂತ.
ನಿನ್ನ ಬಸ್ಸಿಗೆ ಗೊತ್ತಿಲ್ಲ.
ಅದಿನ್ನೂ ಮನೆಯಲ್ಲೇ ಇದ್ದೇನೆ ಅಂದುಕೊಂಡು
ಬಾರದ ಗಾಳಿಗೆ ಪೆಟ್ರೋಲು ಬಡಿಸುತ್ತಿದೆ.

ಮೂರು ಸೆನ್ಸರೂ ಒಂದೇ ಸುಳ್ಳು ಹೇಳಿದರೆ
ಸುಳ್ಳು ಸೆನ್ಸರಿನದಲ್ಲ.
ಇದನ್ನು ನಮ್ಮಪ್ಪ ಹೇಳಿಕೊಟ್ಟಿದ್ದಲ್ಲ. ಅವನದು ಕಾರ್ಬುರೇಟರ್ ಕಾಲ,
ಒಂದು ಸ್ಕ್ರೂ, ಕಾಲು ಸುತ್ತು, ಮೂಸಿ ನೋಡಿದರೆ ಮುಗಿಯಿತು.
ಮೀಟರ್ ಹಿಡಿಯೋದು ಕಲಿತೆ ಅವನ ಜೊತೆ ಜಗಳವಾಡಿ.
ಬೋರ್ಡಿನ ಮೇಲೆ ಇನ್ನೂ ಅವನ ಹೆಸರೇ,
ಚುಕಿಮಿಯಾ ಮತ್ತು ಮಗ.
ಮಗ ಅಂದರೆ ನಾನು, ಸತುರ್ನಿನಾ. ಬಣ್ಣ ಮುಗಿದಿತ್ತಂತೆ.

ಟಾರ್ಚ್ ಹಿಡಿ. ಮೂರು ತಂತಿ.
ಇದರಲ್ಲಿ ಐದು ವೋಲ್ಟ್ ಬರುತ್ತಿದೆ, ಸರಿ.
ಇದು ಸುದ್ದಿ ಒಯ್ಯೋದು, ಕೊಟ್ಟದ್ದನ್ನು ಒಯ್ಯುತ್ತೆ ಪಾಪ.
ಇದು ಅರ್ತ್.
ತಡಿ.
ಕಪ್ಪು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಕೆಂಪು ಇಲ್ಲಿಗೆ.
ಸೊನ್ನೆ ಇರಬೇಕಿತ್ತು.
ಇಲ್ಲ.

ಯಾರು ಸುತ್ತಿದ್ದು ಈ ಟೇಪು? ನೀನೇ.
ಹೊಳೆ ದಾಟುವಾಗ ನೀರು ನುಗ್ಗಿತ್ತು ಅಂದೆಯಲ್ಲ, ಆವತ್ತು.
ಮೇಲೆ ಪ್ಲಾಸ್ಟಿಕ್ ನುಣ್ಣಗೆ, ಒಳಗೆ ತಾಮ್ರ ಹಸಿರು ಪುಡಿ,
ಒಂದೇ ಒಂದು ಎಳೆ
ಇಡೀ ಬಸ್ಸನ್ನು ನೆಲಕ್ಕೆ ಕಟ್ಟಿಕೊಂಡಿದೆ.

ಹೊಳೆಯುವ ತಾಮ್ರ ಸಿಗೋತನಕ ಕತ್ತರಿಸಬೇಕು.
ಹೊಸ ತುಂಡು, ಬೆಸುಗೆ, ಮೇಲೊಂದು ರಬ್ಬರ್ ತೋಳು.
ಮೊದಲಿನ ಸೆನ್ಸರ್ ಎಲ್ಲಿ, ಬಸ್ಸಿನ ಜೊತೆ ಹುಟ್ಟಿದ್ದು?
ಎಸೆದಿಲ್ಲ ತಾನೆ? ಕೊಡು. ಅದನ್ನೇ ಹಾಕೋಣ.

ಈಗ ಓದು.

ಇನ್ನೊಮ್ಮೆ ಓದು. ಸುಮ್ಮನೆ. ಕೇಳೋಕೆ ಚೆನ್ನಾಗಿದೆ.

ಇನ್ನು ಸ್ಟಾರ್ಟ್ ಮಾಡು.
ಒಂದು ಸಲ ಕೆಮ್ಮುತ್ತೆ, ಕೆಮ್ಮಲಿ. ಹಳೇ ಮಸಿ.
ಹೊಗೆ ತೆಳುವಾಯಿತು ನೋಡು,
ಅದರಾಚೆ ಹಿಮದ ಬೆಟ್ಟ ಕಾಣುತ್ತಿದೆ,
ಮೇಲೆ ಕೇಬಲ್ ಕಾರಿನ ನೆರಳು ಬಾನೆಟ್ ದಾಟಿಕೊಂಡು ಹೋಯಿತು.

ದುಡ್ಡು ಅಷ್ಟೇ ಸಾಕು. ಬಿಯರ್ ತಂದಿದ್ದೀಯಾ, ಒಳ್ಳೇದು.
ಮೊದಲ ಗುಟುಕು ನೆಲಕ್ಕೆ, ಇಲ್ಲಿ ಹಾಗೇ.
ನೆಲಕ್ಕೆ ಅಂದೆ, ನನ್ನ ಬೂಟಿಗಲ್ಲ.

ಆ ಮೂರು ಸೆನ್ಸರನ್ನ ಭಾನುವಾರದ ಸಂತೆಯಲ್ಲಿ ಮಾರಿಬಿಡು.
ಕೆಟ್ಟಿಲ್ಲ ಅಂತ ಹೇಳು.
ಯಾರೂ ನಂಬಲ್ಲ.