ಎಪ್ಪತ್ತೈದು ಸೆಂಟಿಮೀಟರ್

ಮಂಡಕ್ಕಿ ಭಟ್ಟಿಗೆ ಜಾಲರಿ ಬೆಸೆದವನು ನಾನು,
ಗೇಟು, ಗ್ರಿಲ್ಲು, ದೋಸೆಗಾಡಿಯ ಚೌಕಟ್ಟು.
ಇಂಥ ಕುರ್ಚಿ ದಾವಣಗೆರೆಯಲ್ಲಿ ಯಾರೂ ಕೇಳಿರಲಿಲ್ಲ:
ಚಕ್ರ ಬೇಡ, ಅಲುಗಲೇಬಾರದು,
ಎಡಗೈಗೆ ಹಿಡಿಯಲು ಮುಂದೊಂದು ಕಂಬ,
ಎತ್ತರ ಎಪ್ಪತ್ತೈದು,
ಕೂದಲೆಳೆಯಷ್ಟೂ ಮೀರುವಂತಿಲ್ಲ.

ಯಾರಿಗಮ್ಮ ಅಂದೆ.
ನನಗೇ ಅಂದಳು ದಿಲ್‌ಶಾದ್,
ಗಾಲಿಕುರ್ಚಿಯಲ್ಲಿ, ಕೆಳಗೆ, ಬೀದಿಯಲ್ಲಿ.
ನನ್ನ ಅಂಗಡಿಗೆ ಮೂರು ಮೆಟ್ಟಿಲಿವೆಯೆಂದು
ಅವತ್ತು ಗೊತ್ತಾಯಿತು ನನಗೆ,
ಇಪ್ಪತ್ತೆರಡು ವರ್ಷ ಹತ್ತಿಳಿದ ಮೇಲೆ.

ಭತ್ತದ ಚೀಲದ ಅಟ್ಟಿ ಜರಿದಾಗ ಹದಿನೇಳು ಅವಳಿಗೆ.
ಸೊಂಟದಿಂದ ಕೆಳಗೆ ಆಮೇಲೆ ಸುದ್ದಿಯಿಲ್ಲ.
ಮೇಲಿನದಕ್ಕೆ ಬಿಡುವಿರಲಿಲ್ಲ:
ಭಟ್ಟಿಯ ಮುಂದೆ ಕೂತು
ಕಾದ ಮರಳಲ್ಲಿ ಅಕ್ಕಿ ಕೆದಕಿ ಕೆದಕಿ
ತೋಳು ಬೆಳೆದದ್ದು ಯಾರೂ ನೋಡಲಿಲ್ಲ,
ಹೊಗೆಯೊಳಗೆ, ಬುರ್ಖಾದೊಳಗೆ.
ಪಿಂಚಣಿ ಅರ್ಜಿಯ ಸಾಲಿನಲ್ಲಿ
ಯಾರೋ ನಿವೃತ್ತ ಪಿ.ಟಿ. ಮೇಷ್ಟ್ರು
ಅವಳು ಏರುದಾರಿಯಲ್ಲಿ ಗಾಲಿ ತಿರುವುವುದನ್ನು ಕಂಡು
ಕೈಗೊಂದು ತೂಕದ ಕಲ್ಲು ಕೊಟ್ಟರಂತೆ:
ಎಸಿ.

ಎಸೆದರಾಯಿತೇ? ಮೊದಲು ವರ್ಗ ಕಟ್ಟಬೇಕು.
ದೂರದ ಊರಲ್ಲಿ ಮಂಚದ ಮೇಲೆ ಮಲಗಿಸಿ
ಒಂದೊಂದೇ ಸ್ನಾಯು ಒತ್ತಿ ಅಂಕ ಹಾಕುತ್ತಾರೆ.
ಸೊನ್ನೆ. ಸೊನ್ನೆ. ಸೊನ್ನೆ. ಒಂದು.
ಏಳು ವರ್ಷ ಚಾದರದಡಿ ಮುಚ್ಚಿಟ್ಟ ಕಾಲು
ಅಂದು ಅಪರಿಚಿತರ ಮುಂದೆ ಬಿಚ್ಚಿ
ಇಲ್ಲದ್ದು ಇಲ್ಲವೇ ಇಲ್ಲವೆಂದು ರುಜುವಾತು ಮಾಡಬೇಕು.
"ಅಲ್ಲಿ ಫೇಲಾದ್ರೇನೇ ಪಾಸು, ಆಚಾರ್ರೇ"
ಅಂತ ನಕ್ಕಳು.
ನಗುವಾಗ ನನ್ನ ಮುಖ ನೋಡಲಿಲ್ಲ.

ಮೊದಲ ಕುರ್ಚಿ ತೂಗಾಡಿತು.
ಎರಡನೆಯದು ಬಂಡೆ.
ಆಯ್ಕೆಯ ದಿನ ಅಧಿಕಾರಿಯ ಟೇಪು
ಎಪ್ಪತ್ತಾರು ಅಂದಿತು.
ದಿಂಬೂ ಲೆಕ್ಕಕ್ಕಂತೆ; ನಾನು ಬರೀ ಕಬ್ಬಿಣ ಅಳೆದಿದ್ದೆ.
ಗುಂಡು ಕೈಗೆ ಬರುವ ಮೊದಲೇ ಆಟ ಮುಗಿದು
ಲಗೇಜು ಡಬ್ಬಿಯಲ್ಲಿ ವಾಪಸು, ಕುರ್ಚಿಯೂ ಅವಳೂ.

ಬೈಯುತ್ತಾಳೆಂದು ಕಾದೆ.
ಮೆಟ್ಟಿಲ ಕೆಳಗಿಂದಲೇ "ಕೊಯ್ರಿ" ಅಂದಳು, ಅಷ್ಟೇ.
ಕೊಯ್ದೆ.
ಬೆರಳಿಗೆ ಹಿಡಿಸುವಷ್ಟರ ನಾಲ್ಕು ಉಕ್ಕಿನ ಬಳೆ
ಇನ್ನೂ ಮೊಳೆಡಬ್ಬಿಯಲ್ಲಿವೆ,
ಎಸೆಯಲು ಮನಸ್ಸು ಬಂದಿಲ್ಲ.

ಈಗ ಬೆಳಗಿನ ಐದೂವರೆಗೆ ಹೈಸ್ಕೂಲು ಮೈದಾನದಲ್ಲಿ
ಗೂಟ ಹೊಡೆದು ಕುರ್ಚಿ ಬಿಗಿಯುವವನು ನಾನು.
ತೊಡೆಗೆ ಪಟ್ಟಿ ಎಳೆದು ಕಟ್ಟುವವಳು ಅವರಮ್ಮ ಜೈಬುನ್ನೀಸಾ,
ಹಲ್ಲು ಕಚ್ಚಿ, ಚೀಲದ ಬಾಯಿ ಕಟ್ಟಿದ ಹಾಗೆ.
ವಾಕಿಂಗಿನವರು ಒಂದು ಕ್ಷಣ ನಿಂತು ಪಾಪ ಅನ್ನುತ್ತಾರೆ.
ಆ ಹೊತ್ತಿಗೆ ಮೂರು ಕೆಜಿ
ಕುತ್ತಿಗೆಯ ಬಳಿಯಿಂದ ಹೊರಟಾಗಿರುತ್ತದೆ.
ಧಪ್ಪೆಂದು ಬಿದ್ದ ಗುಳಿ ನಾನು ತೋರಿಸಹೋಗುವುದಿಲ್ಲ.

ರಾಜ್ಯ ತಂಡದ ಪತ್ರ ಬಂದ ದಿನ ದುಡ್ಡು ಕೊಡಲು ಬಂದಳು.
ಬೇಡ ಅಂದೆ. ನೋಟು ಮಡಚಿ ಹಿಡಿದುಕೊಂಡೇ
ಮೆಟ್ಟಿಲು ನೋಡಿದಳು.
"ಇವು ಎಷ್ಟೈತ್ರಿ, ಸೆಂಟಿಮೀಟರ್ನಾಗೆ?"

ಟೇಪು ಬಿಚ್ಚಿ ಅಳೆದೆ. ಐವತ್ನಾಲ್ಕು.
ಅವಳು ಇನ್ನೊಮ್ಮೆ ಬಾಯಿ ತೆರೆಯುವ ಮೊದಲೇ
ಸುತ್ತಿಗೆ ಹುಡುಕತೊಡಗಿದೆ.