ಸಮ್ಮಾನಂ

ಹತ್ತನೇ ಕ್ಲಾಸಿನ ನಾವು ನಲುವತ್ತೊಂದು ಜನ,
ಮೂವತ್ತು ವರ್ಷದ ಮೇಲೆ ಒಂದು ಭಾನುವಾರ
ನೀರ್ಚಾಲಿನ ಹಾಲಿನಲ್ಲಿ ಕೂಡಿದ್ದು.
ಮೆಟ್ಟಿಲು ಐದು. ಹಸೈನಾರ್ ಮತ್ತು ಫೆಲ್ಸಿಯ ಗಂಡ
ಕುರ್ಚಿ ಸಮೇತ ನನ್ನನ್ನೆತ್ತಿ ಒಳಗಿಟ್ಟರು.
ಮದುಮಗಳ ಹಾಗೆ ಎಂದು ಯಾರೋ ನಕ್ಕರು, ನಾನೂ ನಕ್ಕೆ.

ಶಾಲು ಹೊದೆಸಿದರು. ಒಳ್ಳೆ ನಾಲ್ಕು ಮಾತು.
ಆಮೇಲೆ ಬಾಗಿಲಿನಷ್ಟು ದೊಡ್ಡ ಚೆಕ್ಕು ಬಂತು,
ರಟ್ಟಿನದು, ಇಬ್ಬರು ಹಿಡಿಯಬೇಕು:
ಎಪ್ಪತ್ತೈದು ಸಾವಿರ,
ನಳಿನಾಕ್ಷಿಯ ನಾಲ್ಕು ಚಕ್ರದ ಸ್ಕೂಟರಿಗೆ.

ಅಸಲು ಹಣ ಮರುದಿನ ಸದ್ದಿಲ್ಲದೆ
ಖಾತೆಗೆ ಬಂದು ಕೂತಿತು.
ಗಾಡಿಗೆ ಇನ್ನೂ ಮೂವತ್ತು ಬೇಕು. ಅಲ್ಲಿಯವರೆಗೆ ಕೂತಿರಲಿ ಎಂದೆ.
ಕೂರುವುದು ನನಗೇನು ಹೊಸತಲ್ಲ.
ಪೇಪರಿನಲ್ಲಿ ಫೋಟೋ ಬಂತು:
ಚೆಕ್ಕಿನ ಹಿಂದೆ ನಾನು, ತಲೆ ಮಾತ್ರ.

ವಿಲ್ಲೇಜ್ ಆಫೀಸಿನವರು ಪಯ್ಯನ್ನೂರಿನವರು, ಕೆಟ್ಟವರಲ್ಲ.
ಬಿಸಿಲಿಗೆ ಬಂದಿರಿ ಎಂದು ಫ್ಯಾನು ನನ್ನತ್ತ ತಿರುಗಿಸಿದರು.
ಮೇಜಿನ ಮೇಲೆ ನನ್ನ ಪಾಸ್‌ಬುಕ್ಕು, ಪಕ್ಕದಲ್ಲಿ ಆ ಫೋಟೋ.
ಇದೆಂತದು, ಮಲಯಾಳದಲ್ಲಿ ಕೇಳಿದರು.
ಸನ್ಮಾನ, ಅಂದೆ.
ಸಮ್ಮಾನಂ, ಅಂದರು, ತಿದ್ದುವ ಹಾಗೆ.
ನಮ್ಮಲ್ಲಿ ಅದು ಶಾಲು,
ಅವರಲ್ಲಿ ಕೈಗೆ ಸಿಕ್ಕುವ ವಸ್ತು.
ಅರ್ಜಿಯಲ್ಲಿ ಎರಡಕ್ಕೂ ಕಲಂ ಇಲ್ಲ.
ಇರುವುದೊಂದೇ: ವರುಮಾನಂ.
ಈ ಶಬ್ದಕ್ಕೆ ಮಾತ್ರ ಎರಡು ಭಾಷೆಗೂ ಜಗಳವಿಲ್ಲ.
ಕೊನೆಗೆ ಬಾಯಿ ಮುಚ್ಚಿದರೆ ಅವರದು,
ತೆರೆದೇ ಬಿಟ್ಟರೆ ನಮ್ಮದು.

ವರ್ಷಾ ವರ್ಷಾ ಬರುವುದಲ್ಲ ಸಾರ್,
ಒಂದು ಸಲ ಬಂದದ್ದು, ಅಂದೆ.
ಎರಡನೇ ವಯಸ್ಸಿನಲ್ಲಿ ನನಗೆ ಆ ಜ್ವರ ಬಂದದ್ದೂ
ಒಂದೇ ಸಲ, ಅಂತ ಅವರು ಹೇಳಲಿಲ್ಲ.
ಹೊರಗೆ ಬಂದ ಮೇಲೆ ನನಗೇ ಹೊಳೆಯಿತು.
ಅವರು ಹೇಳಿದ್ದು ಇಷ್ಟೇ,
ಮೇಲಿನಿಂದ ಉತ್ತರ ಬರುವವರೆಗೆ ಪೆನ್ಷನ್ ನಿಲ್ಲುತ್ತದೆ.
ಮತ್ತೆ ಮೆತ್ತಗೆ, ಫ್ಯಾನಿನ ಕಡೆ ನೋಡುತ್ತಾ:
ಖರ್ಚು ಮಾಡಿಬಿಟ್ಟಿದ್ದರೆ ಒಳ್ಳೆದಿತ್ತು.

ಬ್ಲೌಸಿಗೆ ಹುಕ್ಕು ಹಾಕುತ್ತಾ ಲೆಕ್ಕ ಹಾಕಿದೆ.
ತಿಂಗಳಿಗೆ ಸಾವಿರದ ಆರುನೂರರಂತೆ ತೆಗೆದರೆ
ನಲುವತ್ತಾರು ತಿಂಗಳು, ಮೇಲೆ ಚೂರು.
ಅಷ್ಟರಲ್ಲಿ ಸ್ಕೂಟರಿನ ಒಂದೊಂದೇ ಚಕ್ರ
ಗಂಜಿಗೆ ನೆಂಚಿಕೊಂಡು ಮುಗಿಸುತ್ತೇನೆ.

ಹಸೈನಾರ್ ದುಬೈಯಿಂದ ವಾಯ್ಸ್ ಕಳಿಸುತ್ತಾನೆ:
ಗಾಡಿ ಬಂತಾ ಮಾರಾಯ್ತಿ, ಯಾವ ಬಣ್ಣ?
ನೀಲಿ, ಅಂದೆ.
ಬರಲಿಲ್ಲ ಎಂದರೆ ಅವನೊಬ್ಬನಿಗೆ ಬೇಜಾರು,
ನಿಮ್ಮ ಹಣದಿಂದಲೇ ನಿಂತಿತು ಎಂದರೆ ನಲುವತ್ತು ಜನಕ್ಕೆ.
ರಟ್ಟಿನ ಚೆಕ್ಕನ್ನು ಕೋಳಿಗೂಡಿಗೆ ಅಡ್ಡ ಇಟ್ಟಿದ್ದೇನೆ.
ಮಳೆಗೆ ಮೊದಲು ಉಬ್ಬಿದ್ದು ಸೊನ್ನೆಗಳು.

ಹಣದ್ದು ಹೇಗೋ ಆಗುತ್ತದೆ.
ಸೊಸೈಟಿಯ ಪ್ರಮೀಳ ಪೆನ್ಷನ್ ಹಿಡಿದು ಮನೆಗೇ ಬರುತ್ತಿದ್ದಳು,
ನೋಟು ಎಣಿಸಿ, ಸಹಿ ಹಾಕಿಸಿ,
ಜಗಲಿಯಲ್ಲಿ ಕಾಲು ಚಾಚಿ ಬೆಲ್ಲದ ನೀರು ಕುಡಿದು,
ಯಾರ ಮಗಳು ಯಾರೊಟ್ಟಿಗೆ ಎಂದೆಲ್ಲ ಹೇಳಿ
ಅರ್ಧ ಗಂಟೆ ಇರುತ್ತಿದ್ದಳು.
ಈಗ ಅವಳ ಪಟ್ಟಿಯಲ್ಲಿ ನನ್ನ ಹೆಸರಿಲ್ಲ.
ಮೊನ್ನೆ ತೋಡಿನಾಚೆಯ ದಾರಿಯಲ್ಲೇ ಹೋದಳು,
ಕೊಡೆ ಎತ್ತಿ ತೋರಿಸಿದಳು, ನಿಲ್ಲಲಿಲ್ಲ.

ಬೆಲ್ಲ ಆಗಲೇ ಕರಗಿತ್ತು.
ನಾನೇ ಕುಡಿದೆ.